ಮಂಗಳನ ಚಂದ್ರರ ಹುಟ್ಟು: ಮಕ್ಕಳಿಗೆ ಪೂರ್ತಿ ಕಥೆ ಹೇಳಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ತಾಲ್ಲೂಕಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ರಸಪ್ರಶ್ನೆ ನಡೆಯಿತು. ನಮ್ಮ ಶಾಲೆಯ ಒಂಬತ್ತನೇ ತರಗತಿ ಹುಡುಗಿಗೆ ಬಂದ ಪ್ರಶ್ನೆ ಇದು: ಮಂಗಳನ ಚಂದ್ರರಾದ ಫೋಬೋಸ್, ಡೀಮೋಸ್ ಹೇಗೆ ಹುಟ್ಟಿದವು? ಅವಳು ಎದ್ದು ನಿಂತು, "ಅದಿನ್ನೂ ತೀರ್ಮಾನ ಆಗಿಲ್ಲ ಸರ್, ಎರಡು ವಾದ ಇವೆ" ಅಂದಳು. ಮುಂದಿನ ಮಾತು ಆಡುವಷ್ಟರಲ್ಲಿ ಗಂಟೆ ಹೊಡೆದರು. ಅವರ ಹಾಳೆಯಲ್ಲಿದ್ದ ಉತ್ತರ, 'ಮಂಗಳನ ಸೆಳೆತಕ್ಕೆ ಸಿಕ್ಕಿಬಿದ್ದ ಕ್ಷುದ್ರಗ್ರಹಗಳು'. ಹುಡುಗಿಗೆ ಸೊನ್ನೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ.

ಅವಳು ಹೇಳಿದ್ದೇ ಸರಿ. ಗೈಡುಗಳಲ್ಲಿ, ಪತ್ರಿಕೆಗಳ ಮಕ್ಕಳ ಪುಟಗಳಲ್ಲಿ ಆ ಒಂದೇ ಸಾಲು ವರ್ಷಗಳಿಂದ ಅಚ್ಚಾಗುತ್ತಿದೆ. ಅದಕ್ಕೇ ಈ ಪತ್ರ.

ಈ ಎರಡು ಚಂದ್ರರನ್ನು 1877ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನ ನೌಕಾ ವೀಕ್ಷಣಾಲಯದಲ್ಲಿ ಆಸಫ್ ಹಾಲ್ ಕಂಡುಹಿಡಿದರು. ಹುಡುಕಿ ಹುಡುಕಿ ಕೈಬಿಡುವ ಹೊತ್ತಿಗೆ, ಇನ್ನೊಂದು ರಾತ್ರಿ ನೋಡಿ ಎಂದು ಒತ್ತಾಯ ಮಾಡಿದ್ದು ಅವರ ಹೆಂಡತಿ ಆಂಜೆಲಿನ್ ಸ್ಟಿಕ್ನಿ. ಫೋಬೋಸ್ ಮೇಲಿನ ಅತಿ ದೊಡ್ಡ ಕುಳಿಗೆ ಈಗ ಸ್ಟಿಕ್ನಿ ಎಂದೇ ಹೆಸರು. ಫೋಬೋಸ್‌ನ ಉದ್ದ 27 ಕಿ.ಮೀ. ಇದ್ದರೆ, ಆ ಕುಳಿಯೊಂದೇ ಸುಮಾರು 9 ಕಿ.ಮೀ. ಅಗಲ ಇದೆ. ಡೀಮೋಸ್ ಇನ್ನೂ ಚಿಕ್ಕದು, ಉದ್ದ 15 ಕಿ.ಮೀ. ಅಷ್ಟೇ.

ಇವು ಕ್ಷುದ್ರಗ್ರಹಗಳು ಎಂಬ ಮಾತು ಸುಮ್ನೆ ಹುಟ್ಟಿದ್ದಲ್ಲ. ಎರಡೂ ಆಲೂಗಡ್ಡೆಯ ಹಾಗೆ ಸೊಟ್ಟ. ಮೈ ಇದ್ದಿಲಿನಂತೆ ಕಪ್ಪು, ತೂಕ ಹಗುರ. ಕಪ್ಪು ಕ್ಷುದ್ರಗ್ರಹಗಳೂ ಹೀಗೇ ಕಾಣುತ್ತವೆ. ಹತ್ತಿರ ಹಾದುಹೋಗುತ್ತಿದ್ದ ಎರಡು ಕಲ್ಲುಗಳನ್ನು ಮಂಗಳ ಹಿಡಿದಿಟ್ಟುಕೊಂಡಿತು ಅಂತ ಯಾರಿಗಾದರೂ ಅನ್ನಿಸುತ್ತದೆ.

ತೊಡಕು ಇರುವುದು ಹಿಡಿದಿಟ್ಟುಕೊಳ್ಳುವುದರಲ್ಲಿ. ತರಗತಿಯಲ್ಲಿ ನಾನು ಇದನ್ನು ಸೈಕಲ್ ಇಟ್ಟುಕೊಂಡು ಹೇಳುತ್ತೇನೆ. ನಮ್ಮ ಶಾಲೆ ದಾರಿಯಲ್ಲಿ ಒಂದು ಹಳ್ಳ ಇದೆ. ಈ ಕಡೆ ದಿಬ್ಬದಿಂದ ತುಳಿಯದೆ ಸೈಕಲ್ ಬಿಟ್ಟರೆ ಹಳ್ಳಕ್ಕೆ ಇಳಿಯುವಾಗ ವೇಗ ಏರುತ್ತದೆ, ಅದೇ ವೇಗದಲ್ಲಿ ಆ ಕಡೆ ದಿಬ್ಬ ಹತ್ತಿಬಿಡುತ್ತೀರಿ. ಹಳ್ಳದಲ್ಲಿ ನಿಲ್ಲಬೇಕಾದರೆ ಬ್ರೇಕ್ ಹಿಡಿಯಲೇಬೇಕು. ಗ್ರಹದ ಹತ್ತಿರ ಬರುವ ಕಲ್ಲಿಗೂ ಹಾಗೇ. ಬಂದ ವೇಗದಲ್ಲೇ ಹೊರಟುಹೋಗುತ್ತದೆ. ಬ್ರೇಕ್ ಹಾಕಲು ದಟ್ಟವಾದ ಅನಿಲ ಬೇಕು, ಇಲ್ಲವೇ ಆ ವೇಗವನ್ನು ಹಂಚಿಕೊಳ್ಳುವ ಇನ್ನೊಂದು ಕಾಯ ಬೇಕು.

ಹೇಗೋ ಸಿಕ್ಕಿಬಿತ್ತು ಅಂತಲೇ ಇಟ್ಟುಕೊಳ್ಳೋಣ. ಅಂಥ ಚಂದ್ರನ ದಾರಿ ಉದ್ದುದ್ದವಾಗಿ, ಓರೆಯಾಗಿ ಇರುತ್ತದೆ. ಶನಿಯ ಫೀಬಿಯನ್ನು ನೋಡಿ. ಶನಿಯಿಂದ ಸುಮಾರು 1.3 ಕೋಟಿ ಕಿ.ಮೀ. ದೂರದಲ್ಲಿ, ಓರೆ ದಾರಿಯಲ್ಲಿ, ಅದೂ ಉಲ್ಟಾ ದಿಕ್ಕಿನಲ್ಲಿ ಸುತ್ತುತ್ತದೆ. ಅದು ಹೊರಗಿನಿಂದ ಬಂದದ್ದು ಅಂದರೆ ನಂಬಬಹುದು. ಮಂಗಳನ ಚಂದ್ರರು ಹಾಗಿಲ್ಲ. ಇಬ್ಬರ ದಾರಿಯೂ ಹೆಚ್ಚುಕಡಿಮೆ ದುಂಡಗಿದೆ, ಮಂಗಳನ ಸಮಭಾಜಕ ವೃತ್ತದ ನೇರಕ್ಕೇ ಇದೆ. ಓರೆ ಅಂದರೆ ಸುಮಾರು ಒಂದು ಡಿಗ್ರಿ. ಫೋಬೋಸ್ ಮಂಗಳನಿಗೆ ತೀರಾ ಹತ್ತಿರ, ಹಾಗಾಗಿ ಮಂಗಳನ ಎಳೆದಾಟದಿಂದ ಅದರ ದಾರಿ ನಿಧಾನಕ್ಕೆ ದುಂಡಗಾಯಿತು ಅನ್ನಬಹುದು. ಆದರೆ ಡೀಮೋಸ್ ದೂರ ಇದೆ, ಪುಟ್ಟದು ಬೇರೆ. ಅದರ ದಾರಿಯನ್ನು ದುಂಡಗೆ ಮಾಡಿದವರು ಯಾರು? ಸಿಕ್ಕಿಬಿದ್ದ ಕಲ್ಲಿನ ಕಥೆ ಎಡವುವುದು ಇಲ್ಲೇ.

ಇನ್ನೊಂದು ವಾದ ಡಿಕ್ಕಿಯದು. ಮಂಗಳನ ಉತ್ತರಾರ್ಧ ತಗ್ಗು, ದಕ್ಷಿಣಾರ್ಧ ಎತ್ತರ. ಒಂದು ಭಾರಿ ಕಾಯ ಬಂದು ಗುದ್ದಿದ್ದರಿಂದ ಆ ತಗ್ಗು ಆಗಿರಬಹುದು ಎಂದು ಅನೇಕ ವಿಜ್ಞಾನಿಗಳು ಹೇಳುತ್ತಾರೆ. ಆಗ ಸಿಡಿದ ಕಲ್ಲು, ಧೂಳು ಗ್ರಹದ ಸುತ್ತ ತಟ್ಟೆಯ ಹಾಗೆ ಹರಡಿಕೊಳ್ಳುತ್ತದೆ. ಅದರಲ್ಲೇ ಗುಡ್ಡೆಗಟ್ಟಿ ಹುಟ್ಟಿದ ಚಂದ್ರರಾದರೆ ದುಂಡು ದಾರಿಗೆ ಬೇರೆ ಕಾರಣವೇ ಬೇಡ. ನಮ್ಮ ಭೂಮಿಯ ಚಂದ್ರನಿಗೂ ಹೆಚ್ಚಿನವರು ಒಪ್ಪುವುದು ಇಂಥದ್ದೇ ಕಥೆ. 2023ರಲ್ಲಿ ಅರಬ್ ಎಮಿರೇಟ್ಸ್‌ನ ಹೋಪ್ ನೌಕೆ ಡೀಮೋಸ್‌ನಿಂದ ಸುಮಾರು 100 ಕಿ.ಮೀ. ದೂರದಲ್ಲಿ ಹಾದುಹೋಯಿತು. ಅಲ್ಲಿಂದ ಬಂದ ಬೆಳಕನ್ನು ಬಿಡಿಸಿ ನೋಡಿದ ಆ ತಂಡ, ಇದು ಕಪ್ಪು ಕ್ಷುದ್ರಗ್ರಹಕ್ಕಿಂತ ಮಂಗಳನ ಕಲ್ಲನ್ನೇ ಜಾಸ್ತಿ ಹೋಲುತ್ತದೆ ಎಂದಿತು. ಆದರೂ ಆ ಕಪ್ಪು ಬಣ್ಣದ ವಿಚಾರ ಪೂರ್ತಿ ಬಗೆಹರಿದಿಲ್ಲ. ಈಚೆಗೆ ಎರಡೂ ವಾದಗಳ ನಡುವಿನ ಲೆಕ್ಕವೊಂದನ್ನೂ ಮುಂದಿಟ್ಟಿದ್ದಾರೆ. ಕ್ಷುದ್ರಗ್ರಹವೊಂದು ತೀರಾ ಹತ್ತಿರ ಬಂದು, ಮಂಗಳನ ಸೆಳೆತಕ್ಕೆ ಚೂರುಚೂರಾಗಿ, ಆ ಚೂರುಗಳೇ ಮತ್ತೆ ಕೂಡಿ ಚಂದ್ರರಾಗಿರಬಹುದು ಅಂತ.

ಇದು ನಮಗೆ ದೂರದ ಮಾತೂ ಅಲ್ಲ. 2020ರ ಜುಲೈ 1ರಂದು ನಮ್ಮ ಮಂಗಳಯಾನದ ಕ್ಯಾಮೆರಾ 4,200 ಕಿ.ಮೀ. ದೂರದಿಂದ ಫೋಬೋಸ್‌ನ ಚಿತ್ರ ತೆಗೆಯಿತು. ಸ್ಟಿಕ್ನಿ ಕುಳಿ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆ ನೌಕೆಯನ್ನು ನಡೆಸಿದ್ದು ಬೆಂಗಳೂರಿನಿಂದ, ಅದರ ಜೊತೆ ಮಾತಾಡಿದ್ದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನ ದೊಡ್ಡ ಆಂಟೆನಾ. ಆ ಚಿತ್ರವನ್ನು ಪ್ರಿಂಟ್ ತೆಗೆಸಿ ನಾನು ತರಗತಿಯ ಗೋಡೆಗೆ ಅಂಟಿಸಿದ್ದೇನೆ. ರಸಪ್ರಶ್ನೆಗೆ ಹೋದ ಹುಡುಗಿ ಕೂರುವುದು ಅದರ ಪಕ್ಕದ ಬೆಂಚಿನಲ್ಲೇ.

ತೀರ್ಮಾನ ಮಾಡಬೇಕಾದ್ದು ಫೋಬೋಸ್‌ನ ಮಣ್ಣು. ಕನಿಷ್ಠ 10 ಗ್ರಾಂ ಮಣ್ಣು ತರುವುದು ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಮಂಗಳನ ಚಂದ್ರರಿಗಾಗಿ ರೂಪಿಸಿರುವ ಎಂಎಂಎಕ್ಸ್ ಯೋಜನೆಯ ಗುರಿ. ಭೂಮಿಗೆ ತಲುಪುವುದು 2031ಕ್ಕೆ ಅನ್ನುವುದು ಅವರ ಲೆಕ್ಕ. ಇಂಗಾಲ, ನೀರು ಹಿಡಿದಿಟ್ಟ ಖನಿಜ ಜಾಸ್ತಿ ಸಿಕ್ಕರೆ ಕ್ಷುದ್ರಗ್ರಹದ ವಾದಕ್ಕೆ ಬಲ. ಭಾರಿ ಕಾವಿಗೆ ಕರಗಿ ಗಾಜಾದ ಕಣ ಸಿಕ್ಕರೆ ಡಿಕ್ಕಿಯ ವಾದಕ್ಕೆ ಬಲ.

ನಿಮ್ಮ ಮಕ್ಕಳ ಪುಟದಲ್ಲಿ ದಯವಿಟ್ಟು ಇದನ್ನು ಒಮ್ಮೆ ಪೂರ್ತಿಯಾಗಿ ಬರೆಸಿ. ರಸಪ್ರಶ್ನೆ ನಡೆಸುವವರಲ್ಲಿ ನನ್ನ ಕೋರಿಕೆ ಇನ್ನೂ ಚಿಕ್ಕದು. ಮುಂದಿನ ಸಲ 'ಮಂಗಳನ ಚಂದ್ರರ ಹುಟ್ಟಿನ ಬಗ್ಗೆ ಇರುವ ಎರಡು ವಾದಗಳನ್ನು ಹೇಳಿ' ಎಂದು ಕೇಳಿ. ಉತ್ತರಕ್ಕೆ ಅರ್ಧ ನಿಮಿಷ ಜಾಸ್ತಿ ಕೊಡಿ. ನಮ್ಮ ಹುಡುಗಿಗೆ ಸಿಗಬೇಕಿದ್ದ ಆ ಎರಡು ಅಂಕವನ್ನು ಈಗಲಾದರೂ ಕೊಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹೈಸ್ಕೂಲು ವಿಜ್ಞಾನ ಶಿಕ್ಷಕಿ, ತುಮಕೂರು ಜಿಲ್ಲೆ