ತೊಗರಿ ಚೀಲದಲ್ಲಿ ವಿಷದ ಗುಳಿಗೆ ಬೇಡ

ಮಾನ್ಯ ಸಂಪಾದಕರೇ,

ರಾಶಿ ಮುಗಿದು ನಾಲ್ಕು ತಿಂಗಳಾಯಿತು. ಮಾರಿ ಉಳಿದ ತೊಗರಿ, ಬೀಜಕ್ಕೆ ತೆಗೆದಿಟ್ಟ ತೊಗರಿ ಈಗ ಮನೆಯ ಮೂಲೆಯಲ್ಲಿ ಚೀಲ ಕಟ್ಟಿಕೊಂಡು ಕುಳಿತಿದೆ. ನುಸಿ ಹತ್ತುವ ಕಾಲವೂ ಇದೇ. ನಮ್ಮ ಕಡೆ ಹಲವು ಮನೆಗಳಲ್ಲಿ ಇದಕ್ಕೆ ಕಂಡುಕೊಂಡಿರುವ ಸುಲಭದ ದಾರಿ ಎಂದರೆ ಅಂಗಡಿಯಿಂದ ಗುಳಿಗೆ ತಂದು, ಅರಿವೆ ತುಂಡಿನಲ್ಲಿ ಗಂಟು ಕಟ್ಟಿ ಚೀಲದ ನಡುವೆ ಹುದುಗಿಸುವುದು. ಅದೇ ಕೋಣೆಯಲ್ಲಿ ರಾತ್ರಿ ಮಕ್ಕಳು ಮಲಗಿರುತ್ತಾರೆ. ಈ ಪತ್ರ ಬರೆಯುತ್ತಿರುವುದು ಆ ಗಂಟಿನ ಸಲುವಾಗಿ.

ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗುತ್ತಲೇ ಅದರಿಂದ ಫಾಸ್ಫೀನ್ ಎಂಬ ಅನಿಲ ಹೊರಡುತ್ತದೆ. ನುಸಿಯನ್ನು ಕೊಲ್ಲುವುದು ಅದೇ, ಮನುಷ್ಯರನ್ನು ಕೊಲ್ಲುವುದೂ ಅದೇ. ಒಳಗೆ ಹೋದ ಮೇಲೆ ಇಳಿಸಲು ಪ್ರತಿವಿಷವಿಲ್ಲ. ಗೋದಾಮುಗಳಲ್ಲಿ ಇದನ್ನು ಬಳಸುವವರು ಚೀಲಗಳ ಮೇಲೆ ಗಾಳಿ ಆಡದಂತೆ ತಾಡಪತ್ರಿ ಹೊದಿಸಿ, ಅಂಚಿಗೆ ಮರಳಿನ ಭಾರ ಹೇರಿ, ದಿನಗಟ್ಟಲೆ ಬಾಗಿಲು ಮುಚ್ಚಿಡುತ್ತಾರೆ. ಸರಕಾರದ ನಿಯಮದಂತೆಯೂ ಇದು ಸರಕಾರಿ ಸಂಸ್ಥೆಗಳು ಮತ್ತು ಪರವಾನಗಿ ಇರುವ ಕೀಟ ನಿಯಂತ್ರಣದವರು ಮಾತ್ರ ಬಳಸಬೇಕಾದ ವಸ್ತು. ಗೋಣಿಚೀಲದಲ್ಲಿ ಇಟ್ಟರೆ ಅನಿಲ ಚೀಲದಲ್ಲಿ ನಿಲ್ಲದೆ ಕೋಣೆಗೆ ಹರಡುತ್ತದೆ. ಕಾಳಿನೊಳಗಿನ ಮರಿ, ತತ್ತಿ ಉಳಿಯುತ್ತವೆ, ಅಪಾಯ ಮನೆಯವರ ಪಾಲಿಗೆ ಬರುತ್ತದೆ.

ಈಗಾಗಲೇ ಇಟ್ಟಿರುವವರು ಮೊದಲು ಮನೆಮಂದಿಯನ್ನೆಲ್ಲ ಹೊರಗೆ ಕಳಿಸಿ, ಕಿಟಕಿ ಬಾಗಿಲು ತೆರೆದಿಟ್ಟು ತಾವೂ ಹೊರಗೆ ನಿಲ್ಲಬೇಕು. ಗಂಟಿನ ಮೇಲೆ ನೀರು ಹಾಕಬಾರದು, ಹಸಿ ಕೈಯಿಂದ ಮುಟ್ಟಲೂಬಾರದು. ಬೆಳ್ಳುಳ್ಳಿಯಂಥ ಅಥವಾ ಕೊಳೆತ ಮೀನಿನಂಥ ವಾಸನೆ ಬಂದರೆ, ಯಾರಿಗಾದರೂ ವಾಂತಿ, ಎದೆ ಬಿಗಿತ, ತಲೆಸುತ್ತು ಕಂಡರೆ ಮನೆಮದ್ದು ಮಾಡುತ್ತ ಕೂಡದೆ ಆಸ್ಪತ್ರೆಗೆ ಒಯ್ಯಬೇಕು. ಕಾಳಿಗೆ ಇಡುವ ಗುಳಿಗೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.

ಗುಳಿಗೆ ಬೇಡ ಎಂದ ಮೇಲೆ ಬೇರೆ ದಾರಿ ಹೇಳಬೇಕಲ್ಲ. ಅದು ನಮ್ಮ ಊರುಗಳ ಹಿರಿಯರ ಕೈಯಲ್ಲೇ ಇದೆ. ಆದರೆ ಒಬ್ಬರ ಬಾಯಿಂದ ಒಬ್ಬರಿಗೆ ದಾಟುವಾಗ ಅಳತೆ ತಪ್ಪಿದೆ, ಕಾರಣ ಮರೆತಿದೆ. ಚಿಟಿಕೆ ಬೂದಿ ಹಾಕಿ ‘ಬೂದಿಯಿಂದ ಏನೂ ಆಗಲಿಲ್ಲ’ ಎನ್ನುವವರು ಅದಕ್ಕೇ ಹೆಚ್ಚು.

ನುಸಿ ಮನೆಗೆ ಬರುವುದು ಹೊಲದಿಂದಲೇ. ಕಾಯಿ ಒಣಗುವಾಗಲೇ ನುಸಿಯ ದುಂಬಿ ತತ್ತಿ ಇಟ್ಟಿರುತ್ತದೆ. ಹಿಡಿ ಕಾಳನ್ನು ಅಂಗೈ ಮೇಲೆ ಹರಡಿ ಬಿಸಿಲಿಗೆ ಹಿಡಿದು ನೋಡಿ. ಕೆಂಪು ತೊಗರಿಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆ ಅಂಟಿದ್ದರೆ ಅದು ತತ್ತಿ. ಚುಕ್ಕೆ ಪಾರದರ್ಶಕವಾಗಿದ್ದರೆ ಇನ್ನೂ ಒಡೆದಿಲ್ಲ. ಸುಣ್ಣ ಇಟ್ಟಂತೆ ಬೆಳ್ಳಗಾಗಿದ್ದರೆ ಮರಿ ಆಗಲೇ ಕಾಳಿನೊಳಗೆ ಕೊರೆದು ಹೋಗಿದೆ. ಈ ಸೆಕೆಗೆ ಸುಮಾರು ಒಂದು ತಿಂಗಳಲ್ಲಿ ಅದು ದುಂಡನೆ ತೂತು ಮಾಡಿ ದುಂಬಿಯಾಗಿ ಹೊರಗೆ ಬರುತ್ತದೆ, ಮತ್ತೆ ತತ್ತಿ ಇಡುತ್ತದೆ. ಆದ್ದರಿಂದ ತೂತು ಕಂಡ ಮೇಲೆ ಎದ್ದರೆ ತಡವಾಯಿತು, ಚುಕ್ಕೆ ಕಂಡಾಗಲೇ ಕೆಲಸ ಹಿಡಿಯಬೇಕು.

ಮೊದಲ ಕೆಲಸ ಒಣಗಿಸುವುದು. ಹಲ್ಲಿನಲ್ಲಿ ಕಡಿದು ನೋಡಿ ‘ಕಟ್ ಅಂದರ ಒಣಗ್ಯದ, ಹಲ್ಲಿಗೆ ಅಂಟಿದರ ಇನ್ನೊಂದು ಬಿಸಲ ಬೇಕು’ ಎಂದು ಹಿರಿಯರು ಹೇಳುವುದು ಸರಿಯಾದ ಪರೀಕ್ಷೆ. ತೊಗರಿಯಲ್ಲಿ ತೇವ ಶೇ 9ಕ್ಕಿಂತ ಹೆಚ್ಚಿರಬಾರದು. ನಮ್ಮ ಮಾಳಿಗೆಯ ಶಹಾಬಾದ್ ಫರ್ಸಿ ಕಲ್ಲು ಮೇ ತಿಂಗಳ ಮಧ್ಯಾಹ್ನ ಕಾಲಿಡಲಾರದಷ್ಟು ಕಾಯುತ್ತದೆ, ಉಣ್ಣುವ ತೊಗರಿಗೆ ಅದಕ್ಕಿಂತ ಒಳ್ಳೆಯ ಕಣ ಇಲ್ಲ. ನುಸಿ ಹತ್ತಿದ ಕಾಳಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಕೆಳಗೆ ಗೋಣಿತಟ್ಟು, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ, ಕಾಳನ್ನು ಒಂದು ಬೆರಳು ದಪ್ಪಕ್ಕೆ ಮಾತ್ರ ಹರವಿ, ಮೇಲೆ ಆರಪಾರ ಕಾಣುವ ಹಾಳೆ ಹೊದಿಸಿ ನಾಲ್ಕೂ ಅಂಚಿಗೆ ಕಲ್ಲು ಹೇರಬೇಕು. ಹತ್ತು ಗಂಟೆಯಿಂದ ಮೂರರ ತನಕ ಬಿಟ್ಟರೆ ಒಳಗಿನ ಬಿಸಿ 60 ಡಿಗ್ರಿ ದಾಟುತ್ತದೆ, ಕಾಳಿನೊಳಗಿನ ಮರಿಯೂ ಸಾಯುತ್ತದೆ. ದಪ್ಪಗೆ ಹರವಿದರೆ ತಳದ ಕಾಳು ತಣ್ಣಗೇ ಉಳಿದು ಮಾಡಿದ್ದೆಲ್ಲ ವ್ಯರ್ಥ. ಬೀಜದ ಕಾಳಿಗೆ ಮಾತ್ರ ಈ ಹಾಳೆಯ ಬಿಸಿಯೂ ಬೇಡ, ಬರಿ ಫರ್ಸಿಯೂ ಬೇಡ. ಗೋಣಿತಟ್ಟಿನ ಮೇಲೆ ಬೆಳಗಿನ ಬಿಸಿಲು ಸಾಕು.

ಬಹಳ ಮಂದಿ ತಪ್ಪುವುದು ಸಂಜೆಗೆ. ಕಾದ ಕಾಳನ್ನು ಹಾಗೇ ಚೀಲಕ್ಕೆ ತುಂಬಿದರೆ ಒಳಗೆ ಬೆವರು ಒಡೆದು ಕಾಳು ಗಂಟು ಕಟ್ಟುತ್ತದೆ, ಬೂಸ್ಟು ಬರುತ್ತದೆ. ನೆರಳಿಗೆ ಎಳೆದು ಪೂರ್ತಿ ಆರಿದ ಮೇಲೆಯೇ ತುಂಬಬೇಕು. ಹಳೆಯ ಚೀಲದ ಹೊಲಿಗೆಯಲ್ಲಿ ಹೋದ ವರ್ಷದ ದುಂಬಿ ಕುಳಿತಿರುತ್ತದೆ. ಒಳಗು ಹೊರಗು ಮಾಡಿ ಕುದಿವ ನೀರಿನಲ್ಲಿ ಅದ್ದಿ ಒಣಗಿಸದೆ ಹೊಸ ಕಾಳು ಹಾಕಬೇಡಿ. ಚೀಲವನ್ನು ಫರ್ಸಿಯ ಮೇಲೆ ನೇರ ಇಟ್ಟರೆ ಮಳೆಗಾಲದಲ್ಲಿ ತಳದಿಂದ ತೇವ ಏರುತ್ತದೆ. ಕೆಳಗೆ ಹಲಗೆ ಇರಲಿ, ಇಲ್ಲವೇ ತೊಗರಿ ಕಟ್ಟಿಗೆಯನ್ನೇ ಒತ್ತಾಗಿ ಹಾಸಿ. ಗೋಡೆಯಿಂದ ಒಂದು ಮೊಳ ದೂರ ಇರಲಿ.

ಬೇವಿನ ಸೊಪ್ಪಿನ ಬಗ್ಗೆ ಇರುವ ನಂಬಿಕೆ ಅದರ ಶಕ್ತಿಗಿಂತ ದೊಡ್ಡದು. ನೆರಳಲ್ಲಿ ಗರಿಗರಿ ಒಣಗಿಸಿದ ಸೊಪ್ಪು ಹೊರಗಿನ ದುಂಬಿಯನ್ನು ದೂರ ಇಡುತ್ತದೆ, ಒಳಗಿರುವ ಮರಿಯನ್ನು ಕೊಲ್ಲುವುದಿಲ್ಲ. ಹಸಿ ಸೊಪ್ಪು ಹಾಕಿದರೆ ತೇವ ಬಿಟ್ಟು ಕಾಳನ್ನೇ ಕೆಡಿಸುತ್ತದೆ.

ಉಣ್ಣುವ ತೊಗರಿಗೆ ನಂಬಬಹುದಾದದ್ದು ಬಿಗಿ ಮುಚ್ಚಳದ ಡಬ್ಬಿ ಅಥವಾ ಡ್ರಮ್ಮು. ಕಂಠದವರೆಗೆ ತುಂಬಿ, ಮುಚ್ಚಳದ ಸುತ್ತ ಸಂದು ಉಳಿಯದಂತೆ ಮುಚ್ಚಿ, ಎರಡು ತಿಂಗಳು ತೆಗೆಯಬಾರದು. ಒಳಗಿನ ಹುಳ ಇದ್ದ ಗಾಳಿಯನ್ನು ಮುಗಿಸಿಕೊಂಡು ತಾನೇ ಸಾಯುತ್ತದೆ. ಅರ್ಧ ತುಂಬಿದರೆ, ವಾರಕ್ಕೊಮ್ಮೆ ತೆಗೆದರೆ ಅದಕ್ಕೆ ಉಸಿರು ಸಿಕ್ಕಂತೆ. ದಿನದ ಬಳಕೆಗೆ ಸಣ್ಣ ಡಬ್ಬಿ ಬೇರೆ ಇಟ್ಟುಕೊಳ್ಳಿ. ಬಿಗಿ ಮುಚ್ಚಳ ಇಲ್ಲದವರು ಕಾಳಿನ ಮೇಲೆ ತೆಳು ಅರಿವೆ ಹಾಸಿ ನಾಲ್ಕು ಬೆರಳು ದಪ್ಪ ಒಣ ಉಸುಕು ಹಾಕಿದರೆ ದುಂಬಿ ಅದನ್ನು ದಾಟಿ ಬರಲಾರದು.

ಹಗೇವಿನಲ್ಲಿ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ಜೋಳ ಉಳಿಯುತ್ತಿದ್ದುದೂ ಇದೇ ಲೆಕ್ಕದಲ್ಲಿ. ಹಳೆಯ ಹಗೇವು ಇನ್ನೂ ಇರುವ ಊರಿನವರು ಒಂದು ಮಾತು ಮರೆಯಬಾರದು: ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದು. ಹಿಂದಿನ ದಿನವೇ ತೆರೆದಿಟ್ಟು, ಇಳಿಯುವ ಮುಂಚೆ ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ನಂದಿದರೆ ಒಳಗೆ ಉಸಿರಿಗೆ ಗಾಳಿ ಇಲ್ಲ.

ಬೇಳೆ ಮಾಡಿಟ್ಟರೆ ಅರ್ಧ ಚಿಂತೆ ಹೋಯಿತು. ಈ ದುಂಬಿಗೆ ತತ್ತಿ ಇಡಲು ಸಿಪ್ಪೆಯಿರುವ ನುಣ್ಣನೆಯ ಇಡಿಕಾಳು ಬೇಕು, ಬೇಳೆಯ ತಂಟೆಗೆ ಅದು ಅಷ್ಟಾಗಿ ಬರುವುದಿಲ್ಲ. 10 ಕಿಲೋ ತೊಗರಿ ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು, ಸಾಣಿಸಿದ ಅರ್ಧ ಕಿಲೋ ಕೆಮ್ಮಣ್ಣನ್ನು ಕಲಸಿ ಕಾಳಿಗೆಲ್ಲ ಸವರಿ, ಗುಡ್ಡೆ ಮಾಡಿ ಗೋಣಿ ಮುಚ್ಚಿಡಿ. ಹದಿನಾರು ತಾಸಿನ ಮೇಲೆ ಹರವಿ ಎರಡು ಮೂರು ದಿನ ಒಣಗಿಸಿ. ಮಣ್ಣು ಉದುರಿಸಿ ಒಡೆದರೆ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಎಣ್ಣೆಯ ದಾರಿಯೂ ಇದೆ: 10 ಕಿಲೋಗೆ 50 ಗ್ರಾಂ ಎಣ್ಣೆ ಸವರಿ ಎರಡು ಬಿಸಿಲು ಒಣಗಿಸಿ, ಕಾಲು ಲೀಟರ್ ನೀರು ಚಿಮುಕಿಸಿ ರಾತ್ರಿ ಗುಡ್ಡೆ ಹಾಕಿ, ಮರುದಿನ ಒಣಗಿಸಿ ಒಡೆಯುವುದು. ಕೆಮ್ಮಣ್ಣಿನ ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ. ಎಣ್ಣೆಯದು ಬೇಗ ಬೇಯುತ್ತದೆ, ಆದರೆ ನುಚ್ಚು ಹೆಚ್ಚು. ಬೀಸುಕಲ್ಲು ಬಿಗಿಯಾಗಿದ್ದರೆ ಎರಡರಲ್ಲೂ ನುಚ್ಚೇ. ಗೂಟಕ್ಕೆ ಅರಿವೆ ಸುತ್ತಿ ಮೇಲಿನ ಕಲ್ಲನ್ನು ಕಾಳು ಜಜ್ಜದೆ ಸೀಳುವಷ್ಟು ಎತ್ತಿಕೊಳ್ಳಬೇಕು. ಸರಿಯಾಗಿ ಮಾಡಿದರೆ 10 ಕಿಲೋಗೆ 7 ಕಿಲೋ ಬೇಳೆ ಸಿಗುತ್ತದೆ, ಹೊಟ್ಟು ನುಚ್ಚು ದನಕ್ಕೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಬೇಳೆ ನಮ್ಮದು. ಅದನ್ನು ಬೆಳೆದ ಮನೆಯವರೇ ಕಾಳನ್ನೆಲ್ಲ ಅಡತ್ ಅಂಗಡಿಗೆ ಹಾಕಿ, ಪೇಟೆಯಿಂದ ಪಾಕೀಟಿನ ಬೇಳೆ ತರುವುದು ನೋಡಿದರೆ ಸಂಕಟವಾಗುತ್ತದೆ.

ಬೀಜದ ತೊಗರಿಗೆ ಬೂದಿ ಅಥವಾ ಎಣ್ಣೆ. ಬೂದಿಯಾದರೆ ಪೂರ್ತಿ ಆರಿದ್ದು, ಸಾಣಿಸಿದ್ದು, ನಾಲ್ಕು ಸೇರು ಕಾಳಿಗೆ ಮೂರು ಸೇರು. ಕಾಳು ಕಾಳಿನ ನಡುವಿನ ಸಂದೆಲ್ಲ ತುಂಬಿ ದುಂಬಿ ಓಡಾಡಲು ಜಾಗ ಇಲ್ಲದಂತಾಗಬೇಕು, ಮೇಲೆ ಇನ್ನೂ ಎರಡು ಬೆರಳು ಬೂದಿ ಬೇಕು. ಎಣ್ಣೆಯಾದರೆ ಕಿಲೋಗೆ 5 ಮಿ.ಲೀ. ಔಡಲೆಣ್ಣೆ ಅಥವಾ ಶೇಂಗಾ ಎಣ್ಣೆ, ಪ್ರತಿ ಕಾಳೂ ಮಿಂಚುವ ಹಾಗೆ ಕೈಯಾಡಿಸಬೇಕು. ಅದು ತತ್ತಿಯ ಉಸಿರು ಕಟ್ಟುತ್ತದೆ. ಅಳತೆ ಮೀರಿದರೆ ಮೊಳಕೆ ಕುಗ್ಗುತ್ತದೆ. ಗಿಡ ಬಾಡಿ ಒಣಗುವ ನೆಟೆ ರೋಗ ಬಂದ ಹೊಲದ ಕಾಳನ್ನು ಬೀಜಕ್ಕೆ ಇಡಲೇಬಾರದು. ಬಿತ್ತುವ ಮುಂಚೆ ನೂರು ಕಾಳು ಎಣಿಸಿ ಹಸಿ ಗೋಣಿಯಲ್ಲಿ ಸುತ್ತಿಟ್ಟು ಆರನೇ ದಿನ ನೋಡಿ. 75 ಮೊಳೆತರೆ ಎಕರೆಗೆ ಐದು ಕಿಲೋ ಸಾಕು, ಅದಕ್ಕಿಂತ ಕಡಿಮೆಯಾದರೆ ಬೇರೆ ಬೀಜ ನೋಡಿಕೊಳ್ಳಲು ಆಗಲಾದರೂ ಸಮಯ ಇರುತ್ತದೆ.

ಕೃಷಿ ಇಲಾಖೆಯವರಲ್ಲಿ ಒಂದು ಕೋರಿಕೆ. ಮುಂಗಾರು ಬೀಜ ಕೊಡುವಾಗ ರೈತ ಸಂಪರ್ಕ ಕೇಂದ್ರಗಳ ಬಾಗಿಲಿಗೆ ಗುಳಿಗೆಯ ಅಪಾಯದ ಬಗ್ಗೆ ದೊಡ್ಡ ಅಕ್ಷರದ ಫಲಕ ಹಾಕಿಸಿ. ಬಿಡಿ ಬಿಡಿಯಾಗಿ ಅದನ್ನು ಮಾರುವ ಅಂಗಡಿಗಳ ಮೇಲೆ ಕ್ರಮ ಕೈಗೊಳ್ಳಿ. ತಾವು ಈ ಪತ್ರವನ್ನು ರೋಹಿಣಿ ಮಳೆಗೆ ಮುಂಚೆಯೇ ಅಚ್ಚು ಹಾಕಿದರೆ, ತೊಗರಿಯನ್ನು ಮಾಳಿಗೆಗೆ ಏರಿಸಲು ಓದುಗರಿಗೆ ಇನ್ನೂ ಹತ್ತು ಹನ್ನೆರಡು ಒಳ್ಳೆಯ ಬಿಸಿಲು ಸಿಗುತ್ತವೆ.

ಇಂತಿ,
ಒಬ್ಬ ತೊಗರಿ ಬೆಳೆಗಾರ
ಸೇಡಂ ತಾಲೂಕು, ಕಲಬುರಗಿ ಜಿಲ್ಲೆ