ಅನುಗೆ ಈಗಲೇ ಬೇಡ ಅಮ್ಮ

ವೈಟ್ ಪ್ಲೇನ್ಸ್, ನ್ಯೂಯಾರ್ಕ್
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ,

ನಾನು ಕ್ಷೇಮ. ಅಪ್ಪನ ಮಂಡಿನೋವು ಹೇಗಿದೆ? ನೀನು ಕಳಿಸಿದ ಅಪ್ಪೆಮಿಡಿ ತಲುಪಿತು. ಬಾಟಲಿ ಸ್ವಲ್ಪ ಸೋರಿದೆ, ಜೊತೆಗಿಟ್ಟಿದ್ದ ಟವೆಲ್ ಈಗ ಉಪ್ಪಿನಕಾಯಿ ಟವೆಲ್. ಒಗೆಯೋಕೆ ಮನಸ್ಸು ಬಂದಿಲ್ಲ.

ಅನು ಕಣ್ಣಿನ ವಿಷಯ ಫೋನಿನಲ್ಲಿ ಹೇಳೋಕೆ ಹೋದರೆ ನೀನು "ಆಯ್ತು, ಅಪ್ಪಂಗೆ ಕೊಡ್ತೀನಿ" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ. ಸಮಾಧಾನವಾಗಿ ಓದು.

ಶಿವಮೊಗ್ಗದ ಅತ್ತೆ ಹೇಳಿದ್ದು ನನಗೆ ಗೊತ್ತಾಯ್ತು. ಸೋಡಾಬುಡ್ಡಿ ಹಾಕಿಕೊಂಡ ಹುಡುಗಿ ಅಂದರೆ ಗಂಡಿನ ಕಡೆಯವರು ಮೂಗು ಮುರೀತಾರೆ, ಈ ರಜದಲ್ಲೇ ಕನ್ನಡಕ ಬಿಡಿಸೋ ಲೇಸರ್ ಆಪರೇಷನ್, ಅದೇ ಲಾಸಿಕ್, ಮಾಡಿಸಿಬಿಡಿ ಅಂತ. ಅವಳಿಗಿನ್ನೂ 19 ಅಮ್ಮ. ಗಂಡಿನ ಮಾತು ಈಗ ಯಾಕೆ? ಅದಿರಲಿ, ಅನುಗೂ ಆಸೆ ಇದೆ, ಅದು ನನಗೆ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಕನ್ನಡಕ ಒರೆಸಿ ಒರೆಸಿ ಸಾಕಾಗುತ್ತದೆ. ಇಡ್ಲಿ ಪಾತ್ರೆ ಮುಚ್ಚಳ ತೆಗೆದರೆ ಎರಡೂ ಗಾಜು ಮಬ್ಬು. ನಾನೂ ಅದೇ ಪಾಡು ಪಟ್ಟವಳು.

ನಾನು 20ಕ್ಕೇ ಹಟ ಮಾಡಿದ್ದು ನೆನಪಿದೆಯಾ? ಬೆಂಗಳೂರಲ್ಲಿ ಮೊದಲು ಹೋದ ಜಾಗದಲ್ಲಿ ಹಬ್ಬದ ರಿಯಾಯಿತಿ ಇತ್ತು. ಹತ್ತು ನಿಮಿಷ ನೋಡಿ, ಶುಕ್ರವಾರ ಬನ್ನಿ ಅಂದುಬಿಟ್ಟರು. ನಾನು ಕುಣಿದಾಡಿದೆ. ಅಪ್ಪನಿಗೆ ಮಾತ್ರ ಯಾಕೋ ಸರಿ ಬರಲಿಲ್ಲ. ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ವಯಸ್ಸಾದವರು. ಅವರು ಕೇಳಿದ ಮೊದಲ ಪ್ರಶ್ನೆ, "ಹಳೇ ಚೀಟಿ ಇದೆಯಾ?"

ಅಪ್ಪನ ಹತ್ತಿರ ಇಲ್ಲದೆ ಇರುತ್ತದಾ! ಬಿಸ್ಕತ್ ಡಬ್ಬಿಯಲ್ಲಿ ಎಲ್ಲ ಚೀಟಿಗಳೂ ಇದ್ದವು. ಡಾಕ್ಟರು ಮೇಜಿನ ಮೇಲೆ ಇಸ್ಪೀಟ್ ಎಲೆ ಹಾಕಿದ ಹಾಗೆ ಸಾಲಾಗಿ ಇಟ್ಟರು. 17ಕ್ಕೆ ಮೈನಸ್ 2.5. 18ಕ್ಕೆ 3.25. 19ಕ್ಕೆ 3.75. ಆಗ 4.25. ಬೆರಳಿಂದ ಒಂದೊಂದೇ ತಟ್ಟುತ್ತಾ ಹೋಗಿ ನನ್ನ ಮುಖ ನೋಡಿದರು. "ಓಡ್ತಿರೋ ಬಸ್ಸಿಗೆ ಬಣ್ಣ ಹೊಡಿಯೋಕಾಗುತ್ತೇನಮ್ಮ? ನಿಲ್ಲಲಿ, ಆಮೇಲೆ ಬಾ" ಅಂದರು. ಮನೆಗೆ ಬರೋವರೆಗೂ ನಾನು ಅತ್ತಿದ್ದೆ.

ಆ ಬಸ್ಸು ನಿಂತಿದ್ದು ನನಗೆ 24 ಆದಾಗ, 5.75ರಲ್ಲಿ. ಇನ್ನೂ ಮೂರು ವರ್ಷ ಕಾದು ಇಲ್ಲಿ ಮಾಡಿಸಿಕೊಂಡೆ. 20ಕ್ಕೇ ಮಾಡಿಸಿದ್ದರೆ ಲೇಸರ್ 4.25 ತೆಗೆದಿರುತ್ತಿತ್ತು, ಕಣ್ಣು ಅದರ ಪಾಡಿಗೆ ಬೆಳೆದು ಮತ್ತೆ ಮೈನಸ್ ಒಂದೂವರೆ ತಂದಿರುತ್ತಿತ್ತು. ಬಸ್ ಬೋರ್ಡ್ ಓದೋಕೆ ಮತ್ತೆ ಕನ್ನಡಕ. ಲೇಸರ್ ಇದ್ದ ಪವರ್ ತೆಗೆಯುತ್ತದೆ ಅಷ್ಟೆ, ಮುಂದೆ ಏರೋದನ್ನು ತಡೆಯೋಲ್ಲ.

ಎರಡನೇ ಸಲ ಮಾಡಿಸಬಹುದಲ್ಲ ಅಂತ ಅತ್ತೆ ಕೇಳಬಹುದು. ಕೆಲವರಿಗೆ ಮಾಡುತ್ತಾರೆ, ಆದರೆ ಪದರ ಉಳಿದಿರಬೇಕು. ಕಣ್ಣಿನ ಮುಂದಿನ ಗಾಜಿನಂಥ ಭಾಗ, ಕಾರ್ನಿಯಾ, ನಡುವಲ್ಲಿ ಅರ್ಧ ಮಿಲಿಮೀಟರಿಗಿಂತ ಚೂರು ದಪ್ಪ ಅಷ್ಟೆ. ನನ್ನದು 520 ಮೈಕ್ರಾನ್. ಅದರ ಮೇಲ್ಪದರವನ್ನು ಮುಚ್ಚಳದ ಹಾಗೆ ಎತ್ತೋಕೆ 110 ಹೋಯಿತು. ಪವರ್ ತೆಗೆಯೋಕೆ ಸುಮಾರು 85, ಅಂದರೆ ಒಂದು ಪಾಯಿಂಟಿಗೆ ಹತ್ತಿರ ಹತ್ತಿರ 15. ಉಳಿದಿದ್ದು 325. ಕೆಳಗೆ ಕನಿಷ್ಠ 250 ಉಳೀಲೇಬೇಕು, 300 ಇದ್ದರೆ ಒಳ್ಳೇದು ಅಂತಾರೆ. ಒಮ್ಮೆ ತೆಗೆದದ್ದು ಮತ್ತೆ ಬೆಳೆಯೋಲ್ಲ.

ಅನು ಕಳೆದ ಜೂನ್‌ನಲ್ಲಿ 4.75 ಇದ್ದಳು, ಈ ಜೂನ್‌ನಲ್ಲಿ 5.5. ಒಂದೇ ವರ್ಷಕ್ಕೆ ಮುಕ್ಕಾಲು ಪಾಯಿಂಟ್. ವರ್ಷಕ್ಕೆ ಅರ್ಧಕ್ಕಿಂತ ಜಾಸ್ತಿ ಏರುತ್ತಿದ್ದರೆ ಮುಟ್ಟಬಾರದು ಅನ್ನೋದು ಎಲ್ಲ ಕಡೆ ಇರುವ ಲೆಕ್ಕ. 18 ತುಂಬಿದರೆ ಸಾಕು ಅಂತ ಅತ್ತೆ ಹೇಳಿದ್ದು ಸುಳ್ಳಲ್ಲ. ಆದರೆ 18 ಅನ್ನೋದು ಬಾಗಿಲು ತೆರೆಯೋ ವಯಸ್ಸು. ಒಳಗೆ ಹೋಗೋ ವಯಸ್ಸು ಆ ಚೀಟಿಗಳಲ್ಲಿ ಇರುತ್ತದೆ.

ಇನ್ನೊಂದು ಭಯ ನನಗೆ. ಅನು ಕಣ್ಣು ಉಜ್ಜುತ್ತಾಳೆ, ಚಿಕ್ಕಂದಿನಿಂದ. ಧೂಳು ಬಿದ್ದರೂ ಉಜ್ಜೋದು, ನಿದ್ದೆ ಬಂದರೂ ಉಜ್ಜೋದು, ಮುಷ್ಟಿ ಕಟ್ಟಿ. ಕೆರಟೊಕೋನಸ್ ಅಂತ ಒಂದು ಕಾಯಿಲೆ ಇದೆ. ಕಾರ್ನಿಯಾ ತೆಳುವಾಗುತ್ತಾ ಶಂಕುವಿನ ಹಾಗೆ ಮುಂದೆ ಉಬ್ಬುತ್ತದೆ. ಸಾಮಾನ್ಯವಾಗಿ ಶುರುವಾಗೋದು ಹದಿಹರೆಯದಲ್ಲಿ, ಮೊದಮೊದಲು ಬರೀ ಪವರ್ ಏರಿದ ಹಾಗೆ ಕಾಣುತ್ತದೆ. ಕಣ್ಣು ಉಜ್ಜೋದಕ್ಕೂ ಇದಕ್ಕೂ ನಂಟಿದೆ. ಅಂಥ ಕಣ್ಣಿಗೆ ಲೇಸರ್ ಮಾಡಿದರೆ ಇರೋ ಬಲವೂ ಹೋಗುತ್ತದೆ. ವಯಸ್ಸು ಸ್ವಲ್ಪ ಕಳೆದರೆ ಇದು ಇದೆಯೋ ಇಲ್ಲವೋ ಅನ್ನೋದೂ ಚೆನ್ನಾಗಿ ಗೊತ್ತಾಗುತ್ತದೆ. ಅವಳಿಗೆ ಇದೆ ಅಂತ ನಾನು ಹೇಳುತ್ತಿಲ್ಲ, ಗಾಬರಿಯಾಗಬೇಡ. ಕಾರ್ನಿಯಾದ ಬಣ್ಣಬಣ್ಣದ ನಕ್ಷೆ ತೆಗೆಯೋ ಪರೀಕ್ಷೆ ಇದೆ, ಟೊಪೋಗ್ರಫಿ ಅಂತ. ಅದೊಂದನ್ನು ಈಗಲೇ ಮಾಡಿಸಿ. ಇದ್ದರೂ ಬೇಗ ಸಿಕ್ಕಿದರೆ ನಿಲ್ಲಿಸೋ ಚಿಕಿತ್ಸೆ ಇದೆ.

ಮದುವೆ ಆದಮೇಲೆ ಮಾಡಿಸೋಕೆ ಆಗಲ್ಲ ಅಂತ ನೀನು ಹೇಳಿದ್ದು ಅರ್ಧ ನಿಜ. ಬಸುರಿಯಿದ್ದಾಗ, ಮಗುವಿಗೆ ಹಾಲು ಕುಡಿಸುವಾಗ ಮಾಡೋಲ್ಲ, ಆಗ ಪವರ್ ಏರುಪೇರಾಗುತ್ತದೆ. ಹಾಲು ಬಿಡಿಸಿ ಕೆಲವು ತಿಂಗಳಾದ ಮೇಲೆ ಧಾರಾಳವಾಗಿ ಮಾಡಿಸಬಹುದು.

ಇನ್ನು ಚಿಕ್ಕಪ್ಪ. ಅನು ಜೊತೆ ತಾವೂ ಮಾಡಿಸಿಕೊಂಡುಬಿಡುತ್ತೀನಿ ಅಂದರಂತೆ, 44ಕ್ಕೆ! ಅವರಿಗೆ ಹೇಳು, ನಮ್ಮಲ್ಲಿ ಓದೋ ಕನ್ನಡಕಕ್ಕೆ ಚಾಳೀಸು ಅಂತ ಹೆಸರಿಟ್ಟವರು ದಡ್ಡರಲ್ಲ. ಚಾಳೀಸ್ ಅಂದರೆ ನಲವತ್ತು. ಆ ವಯಸ್ಸಿಗೆ ಕಣ್ಣೊಳಗಿನ ಲೆನ್ಸ್ ಬಿರುಸಾಗುತ್ತದೆ, ಹತ್ತಿರದ್ದಕ್ಕೆ ಬಗ್ಗೋಲ್ಲ. ಲಾಸಿಕ್ ತಿದ್ದೋದು ಹೊರಗಿನ ಗಾಜನ್ನು. ಒಳಗಿನದನ್ನು ಅದು ಮುಟ್ಟೋದೇ ಇಲ್ಲ. ಚಿಕ್ಕಪ್ಪ ಈಗ ಕನ್ನಡಕ ಹಣೆಗೇರಿಸಿ ಪೇಪರ್ ಓದುತ್ತಾರಲ್ಲ, ಅದು ಅವರ ಮೈನಸ್ 2.5 ಕೊಟ್ಟ ವರ. ಅದನ್ನು ತೆಗೆಸಿದರೆ ದೂರದ ಬೋರ್ಡ್ ಕಾಣುತ್ತದೆ, ಪೇಪರ್‌ಗೆ ಚಾಳೀಸು ಹುಡುಕಬೇಕು. ಒಂದು ಕಣ್ಣು ದೂರಕ್ಕೆ, ಒಂದು ಹತ್ತಿರಕ್ಕೆ ಅಂತ ಮಾಡುವುದೂ ಉಂಟು. ಎಲ್ಲರಿಗೂ ಒಗ್ಗೋಲ್ಲ. ಮೊದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಕೆಲವು ದಿನ ಓಡಾಡಿ ನೋಡಲಿ.

ನನ್ನದು ಹೇಗಾಯಿತು ಅಂತ ಅನು ಪದೇ ಪದೇ ಕೇಳುತ್ತಾಳೆ. ಕಣ್ಣಿಗೆ ಹನಿ ಹಾಕಿದರು, ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ ಇಟ್ಟರು. ಒಂದು ಗಳಿಗೆ ಎಲ್ಲ ಕತ್ತಲೆ. ಆಮೇಲೆ ಟಿಕ್ ಟಿಕ್ ಸದ್ದು, ಕೂದಲು ಸುಟ್ಟ ವಾಸನೆ. ನನ್ನದೇ ಕಣ್ಣು ಸುಡುತ್ತಿದೆ ಅಂತ ಕೈ ನಡುಗಿತು. ಅದು ಸುಡೋದಲ್ಲವಂತೆ. ಅಪ್ಪನಿಗೆ ಇದು ಇಷ್ಟವಾಗುತ್ತದೆ, ಓದಿ ಹೇಳು. ಈ ಲೇಸರ್ ಸುಡದೆ ನಯವಾಗಿ ಕೆತ್ತುತ್ತದೆ ಅಂತ ಕಂಡುಕೊಂಡವರಲ್ಲಿ ಒಬ್ಬರು ನಮ್ಮ ಮದ್ರಾಸಿನವರು, ರಂಗಸ್ವಾಮಿ ಶ್ರೀನಿವಾಸನ್. ನನ್ನ ಮನೆಯಿಂದ ಅರ್ಧ ಗಂಟೆ ದಾರಿಯ ಯಾರ್ಕ್‌ಟೌನ್ ಹೈಟ್ಸ್‌ನಲ್ಲಿ, ಐಬಿಎಂ ಲ್ಯಾಬಿನಲ್ಲಿ. 1981ರ ನವೆಂಬರ್‌ನಲ್ಲಿ ಹಬ್ಬದೂಟಕ್ಕೆ ಮಾಡಿ ಮಿಕ್ಕಿದ್ದ ಟರ್ಕಿ ಕೋಳಿಯನ್ನು ಮನೆಯಿಂದ ಒಯ್ದು ಅದರ ಮೇಲೆ ಲೇಸರ್ ಬಿಟ್ಟು ನೋಡಿದರಂತೆ. ನೀನು ಶಿವ ಶಿವ ಅಂತೀಯ, ಗೊತ್ತು.

ಮಾರನೆ ಬೆಳಿಗ್ಗೆ ಎದ್ದು ಕನ್ನಡಕಕ್ಕೆ ತಡಕಾಡಿದೆ. ಆಮೇಲೆ ಕಿಟಕಿ ಕಡೆ ನೋಡಿದರೆ ಎದುರಿನ ಮೇಪಲ್ ಮರದಲ್ಲಿ ಒಂದೊಂದು ಎಲೆಯ ಅಂಚೂ ಬೇರೆ ಬೇರೆ ಕಂಡಿತು. ಅವತ್ತು ಆ ಡಾಕ್ಟರ್ ನೆನಪಾದರು. ಕೆಲವು ತಿಂಗಳು ಕಣ್ಣು ಒಣಗುತ್ತಿತ್ತು, ರಾತ್ರಿ ಕಾರಿನ ದೀಪದ ಸುತ್ತ ಬಳೆ ಕಾಣುತ್ತಿತ್ತು. ಅನುಗೆ ಅದನ್ನೂ ಹೇಳು, ಬರೀ ಎಲೆ ಕಥೆ ಹೇಳಬೇಡ.

ಈಗ ಮಾಡಬೇಕಾದ್ದು ಇಷ್ಟೇ. ಬಿಸ್ಕತ್ ಡಬ್ಬಿಯಿಂದ ಅನು ಚೀಟಿಗಳನ್ನು ಹುಡುಕಿ ಅಪ್ಪನಿಂದ ಫೋಟೋ ಕಳಿಸು. ಹಗುರವಾದ ತೆಳು ಗಾಜಿನ ಕನ್ನಡಕ ಕೊಡಿಸು, ದುಡ್ಡು ನಾನು ಹಾಕುತ್ತೇನೆ. ಫ್ರೇಮ್ ಅವಳೇ ಆರಿಸಲಿ, ನೀನು ಬೇಡ! ಕಣ್ಣು ಉಜ್ಜಿದರೆ ಕೈ ಮೇಲೆ ಒಂದು ಕೊಡು. ಅತ್ತೆಗೆ ನಾನೇ ಫೋನ್ ಮಾಡುತ್ತೇನೆ.

ಇಂತಿ ನಿನ್ನ ಮಗಳು,
ಸುಧಾ

ತಾ.ಕ.: ಅಪ್ಪ ಕೇಳಿದ್ದರಲ್ಲ, ಲೇಸರ್ ಮಾಡಿಸಿದ ಕಣ್ಣು ದಾನಕ್ಕೆ ಬರುತ್ತದಾ ಅಂತ. 2021ರಲ್ಲಿ ಅಪ್ಪು ಹೋದಾಗ ಅವರ ಕಣ್ಣು ನಾಲ್ಕು ಜನಕ್ಕೆ ಬೆಳಕಾಯ್ತಲ್ಲ, ಆ ವಾರವೇ ನಾವಿಬ್ಬರೂ ಫಾರಂ ತುಂಬಿದ್ದು. ಬರುತ್ತದೆ ಅಂತ ಹೇಳು. ನನ್ನ ಕಾರ್ನಿಯಾದ ಮುಂದಿನ ಭಾಗ ಆಗೋಲ್ಲ, ಹಿಂದಿನ ಪದರ ಬಳಸಬಹುದಂತೆ.