ಹೆಬ್ಬೆರಳ ಬುಡದ ಗಂಟು: ವೀಣಾಳಿಗೆ ಒಂದು ಪತ್ರ

ಚಿ. ಸೌ. ವೀಣಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಗಂಟು ಎದ್ದಿದೆಯೆಂದೂ, ಕೆಲಸ ಮುಗಿಸಿ ಶೂ ಬಿಚ್ಚುವ ಹೊತ್ತಿಗೆ ಅದು ಕೆಂಪಗಾಗಿ ನೋಯುತ್ತದೆಯೆಂದೂ, ಮೂಳೆ ವೈದ್ಯರು ಇದನ್ನು ಬನಿಯನ್ ಎಂದು ಗುರುತಿಸಿ ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡವೆಂದರೆಂದೂ ನಿನ್ನ ಅಮ್ಮ ತಿಳಿಸಿದಳು. ವೈದ್ಯರ ಮಾತು ಸರಿಯಾಗಿದೆ. ಕೊಯ್ಯಿಸಿಕೊಂಡರೆ ಕಾಲು ಪೂರ್ತಿ ಹದಕ್ಕೆ ಬರಲು ತಿಂಗಳುಗಳೇ ಹಿಡಿಯುತ್ತವೆ, ಕೆಲವರಿಗೆ ಬೆರಳು ಮತ್ತೆ ವಾಲುವುದೂ ಉಂಟು. ಬರಿಯ ಅಂದಕ್ಕಾಗಿ ಆ ದಾರಿ ಹಿಡಿಯಬಾರದು.

ಆದರೆ ಶಸ್ತ್ರಚಿಕಿತ್ಸೆಯಿಲ್ಲದೆ ಆ ಬೆರಳು ನೇರವಾಗುವುದಿಲ್ಲ ಎಂಬುದನ್ನು ಈಗಲೇ ತಿಳಿದುಕೊ. ಅದು ಹೊಸದಾಗಿ ಬೆಳೆದ ಗೆಡ್ಡೆಯಲ್ಲ. ಹೆಬ್ಬೆರಳಿನ ಹಿಂದಿರುವ ಪಾದದ ಮೂಳೆ ಇನ್ನೊಂದು ಕಾಲಿನ ಕಡೆಗೆ ಸರಿದು, ಬೆರಳು ಪಕ್ಕದ ಬೆರಳಿನ ಮೇಲೆ ವಾಲಿದಾಗ, ಆ ಮೂಳೆಯ ತುದಿಯೇ ಉಬ್ಬಿ ಕಾಣುತ್ತದೆ. ರಾತ್ರಿ ಕಟ್ಟಿಕೊಂಡು ಮಲಗುವ ಪಟ್ಟಿಗಳಿಂದ ಬೆರಳು ನೆಟ್ಟಗಾಗುವುದೆಂದು ಮಾರುವವರು ಎಷ್ಟೇ ಹೇಳಲಿ, ಕಟ್ಟಿದಾಗ ಹಿತವೆನಿಸಬಹುದೇ ಹೊರತು ಬಿಚ್ಚಿದ ಮೇಲೆ ಬೆರಳು ತನ್ನ ಜಾಗಕ್ಕೇ ಮರಳುತ್ತದೆ. ಬೆರಳಿನ ಸಂದಿಗೆ ಇಡುವ ಸಿಲಿಕೋನ್ ತುಂಡು ಉಜ್ಜುವಿಕೆಯನ್ನು ತಪ್ಪಿಸುತ್ತದೆ, ಅದು ಸಾಕು.

ನಿನ್ನ ಅಜ್ಜಿ ಬದುಕಿನ ಬಹುಭಾಗ ಬರಿಗಾಲಲ್ಲೇ ನಡೆದವಳು. ಅವಳಿಗೂ ಈ ಗಂಟು ಇತ್ತು, ನನಗೂ ಇದೆ. ಪಾದದ ಇಂಥ ರಚನೆ ಕುಟುಂಬಗಳಲ್ಲಿ ಇಳಿದು ಬರುತ್ತದೆ. ಆದ್ದರಿಂದ ತಪ್ಪೆಲ್ಲ ನಿನ್ನ ಶೂಗಳದೆನ್ನಲಾರೆ, ಆದರೆ ನೋವನ್ನು ಕೆರಳಿಸುತ್ತಿರುವುದು ಹೋಟೆಲಿನ ಸ್ವಾಗತ ಕೌಂಟರಿನಲ್ಲಿ ನೀನು ದಿನವಿಡೀ ಹಾಕಿಕೊಂಡು ನಿಲ್ಲುವ ಆ ಚೂಪು ಮೂತಿಯ ಹೀಲ್ಸ್ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಿಮ್ಮಡಿ ಎತ್ತರವಾದಷ್ಟೂ ಮೈಭಾರ ಮುಂಗಾಲಿನ ಮೇಲೆ ಬೀಳುತ್ತದೆ. ವೈದ್ಯರಿಂದ ಒಂದು ಚೀಟಿ ಬರೆಸಿಕೊಂಡು ತಗ್ಗು ಹಿಮ್ಮಡಿಯ ಕಪ್ಪು ಶೂ ಹಾಕಿಕೊಳ್ಳಲು ಅನುಮತಿ ಕೇಳು, ಕೇಳಲು ಸಂಕೋಚಪಡಬೇಡ.

ಕೊಳ್ಳುವಾಗ ಸಂಜೆ ಹೋಗು, ಆ ಹೊತ್ತಿಗೆ ಪಾದ ಕೊಂಚ ಊದಿರುತ್ತದೆ. ಮನೆಯಲ್ಲೇ ಹಾಳೆಯ ಮೇಲೆ ನಿಂತು ಎರಡೂ ಪಾದಗಳ ಸುತ್ತ ಗೆರೆ ಎಳೆದುಕೊಂಡು ಹೋಗಿ, ಶೂವನ್ನು ಆ ಚಿತ್ರದ ಮೇಲಿಟ್ಟು ನೋಡು; ಗೆರೆ ಶೂವಿನಿಂದ ಹೊರಗೆ ಕಂಡರೆ ಅದು ನಿನ್ನದಲ್ಲ. ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವಿರಲಿ. ಬಿಗಿಯೆಂದು ಬರಿಯ ಸೈಜು ದೊಡ್ಡದನ್ನು ತಂದರೆ ಪಾದ ಮುಂದಕ್ಕೆ ಜಾರಿ ಗಂಟು ಇನ್ನಷ್ಟು ಉಜ್ಜುತ್ತದೆ. ಬೇಕಾದದ್ದು ಮುಂಭಾಗದ ಅಗಲ, ಮೆತ್ತನೆಯ ಮೇಲ್ಹೊದಿಕೆ, ಪಾದವನ್ನು ಹಿಡಿದಿಡುವ ಲೇಸು ಅಥವಾ ಪಟ್ಟಿ. ಗಂಟಿನ ಮೇಲೆ ಹೊಲಿಗೆ ಬರದಂತೆ ನೋಡಿಕೊ. ಚಪ್ಪಲಿಗೂ ಇದೇ ಮಾತು. ಕಾಲುಂಗುರ ಹೆಬ್ಬೆರಳಿಗೆ ಒತ್ತುತ್ತಿದ್ದರೆ ತೆಗೆದಿಡು, ನಿನ್ನ ಅತ್ತೆಯವರಿಗೆ ನಾನೇ ಹೇಳುತ್ತೇನೆ.

ನೋವಿದ್ದ ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು 10–15 ನಿಮಿಷ ಇಡು. ಹೆಬ್ಬೆರಳನ್ನು ಉಳಿದವುಗಳಿಂದ ದೂರ ಅಗಲಿಸುವ ವ್ಯಾಯಾಮವನ್ನೂ ಮೀನಖಂಡ ಹಿಗ್ಗಿಸುವುದನ್ನೂ ಫಿಸಿಯೋಥೆರಪಿಸ್ಟ್ ಒಬ್ಬರಿಂದ ಕಲಿತುಕೊ.

ಒಂದು ರಾತ್ರಿ ಇದ್ದಕ್ಕಿದ್ದಂತೆ ಆ ಕೀಲು ಬಿಸಿಯಾಗಿ, ಹೊದಿಕೆ ತಾಗಿದರೂ ಸಹಿಸಲಾರದಷ್ಟು ನೋಯಲಾರಂಭಿಸಿದರೆ, ಅದನ್ನು ಬನಿಯನ್ ಎಂದುಕೊಂಡು ಸುಮ್ಮನಿರಬೇಡ. ಯೂರಿಕ್ ಆಮ್ಲದಿಂದ ಬರುವ ಗೌಟ್ ಹೆಚ್ಚಾಗಿ ಅದೇ ಜಾಗವನ್ನು ಹಿಡಿಯುತ್ತದೆ. ನಿನ್ನ ಅಪ್ಪನಿಗೆ ಸಕ್ಕರೆ ಕಾಯಿಲೆಯಿರುವುದರಿಂದ ನೀನೂ ಒಮ್ಮೆ ರಕ್ತಪರೀಕ್ಷೆ ಮಾಡಿಸು, ಏಕೆಂದರೆ ಆ ಕಾಯಿಲೆ ಇರುವವರಿಗೆ ಗಂಟಿನ ಮೇಲಿನ ಸಣ್ಣ ಗಾಯವೂ ಹುಣ್ಣಾಗಬಹುದು. ಇಷ್ಟೆಲ್ಲ ಮಾಡಿಯೂ ನಡಿಗೆಗೆ ತೊಡಕಾಗುವಷ್ಟು ನೋವು ಉಳಿದರೆ ಶಸ್ತ್ರಚಿಕಿತ್ಸೆಯ ಮಾತನ್ನು ಆಗ ಮತ್ತೆ ವೈದ್ಯರ ಮುಂದಿಡೋಣ.

ಹಬ್ಬಕ್ಕೆ ಬರುವಾಗ ಆ ಹಳೆಯ ಚರ್ಮದ ಶೂಗಳನ್ನು ತೆಗೆದುಕೊಂಡು ಬಾ. ಇಲ್ಲಿನ ಚಮ್ಮಾರರು ಗಂಟಿನ ಜಾಗವನ್ನಷ್ಟೇ ಅಚ್ಚಿಟ್ಟು ಹಿಗ್ಗಿಸಿಕೊಡುತ್ತಾರೆ.

ಇಂತಿ,
ನಿನ್ನ ದೊಡ್ಡಮ್ಮ